ಅಟ್ರಾಸಿಟಿ ಕೇಸಿಗೆ ಪಿಪಿ ನೇಮಿಸುವ ಮುನ್ನ ದೂರುದಾರರನ್ನು ಕೇಳಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ನಮಸ್ಕಾರ. ಬೆಂಗಳೂರಿಗೆ ಹತ್ತಿರದ ಒಂದು ಜಿಲ್ಲೆಯ ವಿಶೇಷ ನ್ಯಾಯಾಲಯಕ್ಕೆ ಹೊಸ ಸರ್ಕಾರಿ ವಕೀಲರು ಬರಲಿದ್ದಾರೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯದ ಕೇಸುಗಳನ್ನು ನಡೆಸುವ ವಿಶೇಷ ಪಿಪಿ, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್ ಹುದ್ದೆ ಅದು. ಯಾರ ಹೆಸರು ಮುಂದಿದೆ ಅನ್ನುವುದು ಅಲ್ಲಿನ ಕೋರ್ಟ್ ಆವರಣದಲ್ಲಿ ಎಲ್ಲರ ಬಾಯಲ್ಲೂ ಇದೆ. ಅಧಿಸೂಚನೆ ಮಾತ್ರ ಇನ್ನೂ ಹೊರಬಿದ್ದಿಲ್ಲ. ಅದು ಹೊರಬೀಳುವ ಮೊದಲೇ ಈ ಪತ್ರ ನಿಮಗೆ ಮುಟ್ಟಲಿ ಅಂತ ಬರೆಯುತ್ತಿದ್ದೇನೆ.

ಆ ವಕೀಲರ ಹೆಸರಾಗಲಿ, ಊರಾಗಲಿ ಇಲ್ಲಿ ಹೇಳುವುದಿಲ್ಲ. ಅಲ್ಲಿನ ದೂರುದಾರರ ಕೇಸುಗಳು ಇನ್ನೂ ನಡೆಯುತ್ತಿವೆ. ನನ್ನ ಪತ್ರದಿಂದ ಅವರಿಗೆ ತೊಂದರೆ ಆಗಬಾರದು.

ತಕರಾರು ಏನು ಅಂತ ನೇರವಾಗಿ ಹೇಳುತ್ತೇನೆ. ಆ ವಕೀಲರು ಅದೇ ಜಿಲ್ಲೆಯಲ್ಲಿ ವರ್ಷಗಟ್ಟಲೆ ಅಟ್ರಾಸಿಟಿ ಕೇಸುಗಳ ಆರೋಪಿಗಳ ಪರ ವಕಾಲತ್ತು ಹಾಕಿದವರು. ಅಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಾನೂ ಬೆಂಗಳೂರಿನಲ್ಲಿ ವಕೀಲೆ. ಆರೋಪಿಗೂ ವಕೀಲರು ಬೇಕು, ಅದು ಅವನ ಹಕ್ಕು. ಆ ಕೆಲಸ ಮಾಡಿದ ಯಾರನ್ನೂ ಅದಕ್ಕಾಗಿ ದೂರುವುದು ಸರಿಯಲ್ಲ. ಆದರೆ ಇವರು ಕೋರ್ಟಿನ ಹೊರಗೆ, ಸಭೆಗಳಲ್ಲಿ ಮೈಕ್ ಹಿಡಿದು, ದೌರ್ಜನ್ಯ ತಡೆ ಕಾಯ್ದೆಯಡಿ ಬರುವ ಕೇಸುಗಳಲ್ಲಿ ಬಹುಪಾಲು ಸುಳ್ಳು, ಪರಿಹಾರದ ದುಡ್ಡಿಗಾಗಿ ಹಾಕಿದ್ದು ಎಂದು ಹಲವು ಸಲ ಹೇಳಿದ್ದಾರೆ. ಹಾಗೆ ನಂಬಿದವರು ನಾಳೆ ಅದೇ ದೂರುದಾರರ ಪರ ಎದ್ದುನಿಂತು, ಇವರು ಹೇಳುತ್ತಿರುವುದು ನಿಜ ಎಂದು ನ್ಯಾಯಾಧೀಶರ ಮುಂದೆ ವಾದಿಸಬೇಕು. ಮನಸ್ಸಿಟ್ಟು ವಾದಿಸುತ್ತಾರೆ ಅಂತ ಯಾರು ನಂಬಬೇಕು?

ಆ ಜಿಲ್ಲೆಯ ಒಬ್ಬ ಅಕ್ಕ ಹೋದ ತಿಂಗಳು ನನ್ನ ಹತ್ತಿರ ಬಂದಿದ್ದರು. ಕೂಲಿ ಮಾಡುವವರು. ಅವರ ಮಗ ಬೈಕಿನಲ್ಲಿ ಮೇಲುಕೇರಿ ಬೀದಿಯಲ್ಲಿ ಹೋದ ಅನ್ನುವ ಕಾರಣಕ್ಕೆ ಹೊಡೆತ ತಿಂದ ಕೇಸು. ಎಫ್‌ಐಆರ್, ಆಸ್ಪತ್ರೆ ಚೀಟಿ, ಸಮನ್ಸ್ ಎಲ್ಲವನ್ನೂ ಬಟ್ಟೆ ಅಂಗಡಿಯ ಒಂದು ಕವರಿನಲ್ಲಿ ಮಡಚಿ ಇಟ್ಟುಕೊಂಡಿದ್ದರು. ಕಾಗದ ತೋರಿಸುವ ಮೊದಲೇ ಅವರು ಕೇಳಿದ್ದು ಇದನ್ನು: "ಮೇಡಂ, ಅವ್ರೇ ನಮ್ ಕಡೆ ಲಾಯರ್ ಆಗ್ತಾರಂತೆ, ನಿಜಾನಾ? ನನ್ ತಂಗಿ ಗಂಡನ್ನ ಕಟಕಟೇಲಿ ನಿಲ್ಸಿ ಸುಳ್ಳುಗಾರ ಅಂದಿದ್ದು ಅವ್ರೇ ಅಲ್ವಾ?" ನಾನು ಕಾನೂನಿನ ಮಾತು ಏನೇನೋ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ನಾನು ಸಾಕ್ಷಿ ಹೇಳಕ್ಕೆ ಹೋಗಲ್ಲ" ಅಂದರು.

ಮುಖ್ಯಮಂತ್ರಿಗಳೇ, ಸಾಕ್ಷಿಗಳು ಉಲ್ಟಾ ಹೊಡೆದರು ಅಂತ ನಾವು ಪೇಪರಿನಲ್ಲಿ ಓದುತ್ತೇವೆ. ಅವರು ಉಲ್ಟಾ ಹೊಡೆಯುವುದು ಕಟಕಟೆಗೆ ಬಂದ ಮೇಲಲ್ಲ. ಮನೆಯಲ್ಲೇ, ಊರಿನಲ್ಲೇ, ನಮ್ಮ ಪರ ಯಾರೂ ಇಲ್ಲ ಅನ್ನಿಸಿದ ದಿನವೇ ಅದು ಆಗಿಹೋಗಿರುತ್ತದೆ.

ಪಿಪಿ ಯಾರು ಅನ್ನುವುದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಕೋರ್ಟಿನ ಕಡೆ ತಲೆ ಹಾಕದವರಿಗೆ ಗೊತ್ತಾಗುವುದು ಕಷ್ಟ. ಆಸ್ತಿ ಕೇಸಿನಲ್ಲಿ ನಮ್ಮ ವಕೀಲರನ್ನು ನಾವೇ ಆರಿಸಿಕೊಳ್ಳುತ್ತೇವೆ, ಸರಿಬರದಿದ್ದರೆ ಬದಲಾಯಿಸುತ್ತೇವೆ. ಕ್ರಿಮಿನಲ್ ಕೇಸಿನಲ್ಲಿ ಏಟು ತಿಂದವರಿಗೆ ಆ ಆಯ್ಕೆ ಇಲ್ಲ. ಅವರ ಪರ ಕೇಸು ನಡೆಸುವುದು ಸರ್ಕಾರ, ಸರ್ಕಾರದ ಪರ ನಿಲ್ಲುವುದು ಪಿಪಿ. ಕೈಯಿಂದ ದುಡ್ಡು ಹಾಕಿ ಖಾಸಗಿ ವಕೀಲರನ್ನು ಇಟ್ಟುಕೊಂಡರೂ ಅವರು ಪಿಪಿಯ ಸೂಚನೆಯಂತೆಯೇ ನಡೆಯಬೇಕು. ಆರೋಪಿ ಜಾಮೀನು ಕೇಳಿದಾಗ ತಕರಾರು ಹಾಕುವುದು ಪಿಪಿ. ಯಾವ ಸಾಕ್ಷಿಯನ್ನು ಕರೆಸಬೇಕು, ಯಾರನ್ನು ಕೈಬಿಡಬೇಕು ಎಂದು ತೀರ್ಮಾನಿಸುವುದು ಪಿಪಿ. ಕೇಸು ಹಿಂಪಡೆಯಲು ಅರ್ಜಿ ಹಾಕುವವರೂ ಅವರೇ.

ಇನ್ನು ಕಣ್ಣಿಗೆ ಕಾಣದ ಕೆಲಸಗಳಿವೆ. ಒಳ್ಳೆಯ ಪಿಪಿ ಸಾಕ್ಷಿಯನ್ನು ಕಲಾಪ ಶುರುವಾಗುವ ಮೊದಲೇ ಬರಹೇಳುತ್ತಾರೆ. ಹೊರಗಿನ ಬೆಂಚಿನ ಮೇಲೆ ಪಕ್ಕ ಕೂರಿಸಿಕೊಂಡು, ಅವರು ಪೊಲೀಸರಿಗೆ ಎಂದೋ ಕೊಟ್ಟ ಹೇಳಿಕೆಯನ್ನು ಓದಿ ಹೇಳುತ್ತಾರೆ. ಮಹಜರಿನ ಮೇಲಿರುವ ಹೆಬ್ಬೆಟ್ಟು ನಿಮ್ಮದೇನಾ ಅಂತ ತೋರಿಸಿ ಕೇಳುತ್ತಾರೆ. ಪಾಟೀಸವಾಲಿನಲ್ಲಿ ಎದುರಿನವರು ಗದರಬಹುದು, ಹೆದರಬೇಡಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ ಎಂದು ಧೈರ್ಯ ತುಂಬುತ್ತಾರೆ. ದೂರುದಾರರು, ಆರೋಪಿ ಇಬ್ಬರ ಜಾತಿ ಪ್ರಮಾಣಪತ್ರವೂ ದಾಖಲೆಯಾಗಿ ಗುರುತಾಗಿದೆಯಾ, ನಿಂದನೆಯ ಮಾತು ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಆಡಿದ್ದು ಎಂದು ಸಾಕ್ಷಿ ಬಂದಿದೆಯಾ, ತನಿಖೆ ಮಾಡಿದವರು ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲ ತಾನೇ ಎಂದು ನೋಡಿಕೊಳ್ಳುತ್ತಾರೆ. ಇವುಗಳಲ್ಲಿ ಒಂದು ತಪ್ಪಿದರೂ ಕೇಸು ಬಿದ್ದುಹೋಗಬಹುದು. ಮನಸ್ಸಿಲ್ಲದ ಪಿಪಿ ಕೇಸು ಕೆಡಿಸಲು ಏನೂ ಮಾಡಬೇಕಾಗಿಲ್ಲ. ಸುಮ್ನೆ ಇದ್ದರೆ ಸಾಕು. ಯಾರೂ ಅವರ ಕಡೆ ಬೊಟ್ಟು ಮಾಡಲೂ ಆಗುವುದಿಲ್ಲ.

ಕಂಬಾಲಪಲ್ಲಿಯನ್ನು ನೀವು ಮರೆತಿರಲಾರಿರಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ವರ್ಷಗಳ ಮೇಲೆ ವಿಚಾರಣೆ ನಡೆದಾಗ ಸಾಕ್ಷಿಗಳು ಒಬ್ಬರಾದ ಮೇಲೆ ಒಬ್ಬರು ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋಗಿದ್ದು ನಿಜ, ಸುಟ್ಟವರು ಯಾರೂ ಇಲ್ಲ. ಬೆಂಗಳೂರಿನಿಂದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವ ಊರು ಅದು. ನಾನು ಕಾನೂನು ಓದಲು ಹೋದದ್ದಕ್ಕೆ ಆ ಊರಿನ ಸುದ್ದಿಯೂ ಒಂದು ಕಾರಣ. ನಾನು ಹುಟ್ಟಿದ್ದೂ ಅಂಥದ್ದೇ ಒಂದು ಕೇರಿಯಲ್ಲಿ.

ಅದೇ 2014ರ ಆಗಸ್ಟ್ ಕೊನೆಯಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ಕೊಟ್ಟಿತು. ಅದರಲ್ಲಿ 98 ಜನರಿಗೆ ಜೀವಾವಧಿ. ಕೆಲವೇ ವಾರಗಳಲ್ಲಿ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಮೇಲ್ಮನವಿಯಲ್ಲಿ ಏನಾಗುತ್ತದೆ ಅನ್ನುವುದು ಕೋರ್ಟಿಗೆ ಬಿಟ್ಟದ್ದು. ನಾನು ಹೇಳುವುದು ಇಷ್ಟೇ: ಹತ್ತು ವರ್ಷ ಸಾಕ್ಷಿಗಳು ಕದಲದೆ ನಿಂತರೆ ಇದೇ ರಾಜ್ಯದಲ್ಲಿ, ಇದೇ ಕಾಯ್ದೆಯಲ್ಲಿ ಶಿಕ್ಷೆ ಆಗುತ್ತದೆ. ಸಾಕ್ಷಿ ಕದಲದೆ ನಿಲ್ಲಬೇಕಾದರೆ ತನ್ನ ಕಡೆ ನಿಂತವರ ಮೇಲೆ ನಂಬಿಕೆ ಇರಬೇಕು.

ಕಾನೂನಿಗೆ ಇದು ಚೆನ್ನಾಗಿ ಗೊತ್ತಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 15ನೇ ಕಲಂ ಪ್ರಕಾರ ಏಳು ವರ್ಷಕ್ಕೆ ಕಡಿಮೆ ಇಲ್ಲದಂತೆ ವಕೀಲಿ ಮಾಡಿದವರು ವಿಶೇಷ ಪಿಪಿ ಆಗಬಹುದು. ನಾನು ಹೇಳುತ್ತಿರುವ ವಕೀಲರಿಗೆ ಆ ಅರ್ಹತೆ ಧಾರಾಳವಾಗಿ ಇದೆ. ಆದರೆ ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. ಆ ಕಾಯ್ದೆಯಡಿ ಮಾಡಿದ 1995ರ ನಿಯಮಗಳ 4ನೇ ನಿಯಮ ನೋಡಿ. ವಿಶೇಷ ಪಿಪಿಗಳು ಹೇಗೆ ಕೆಲಸ ಮಾಡಿದ್ದಾರೆ ಅನ್ನುವುದನ್ನು ಜಿಲ್ಲಾಧಿಕಾರಿ ಮತ್ತು ಅಭಿಯೋಜನೆಯ (ಪ್ರಾಸಿಕ್ಯೂಷನ್) ಹೊಣೆ ಹೊತ್ತ ಅಧಿಕಾರಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ ಪರಿಶೀಲಿಸಿ ಸರ್ಕಾರಕ್ಕೆ ವರದಿ ಕೊಡಬೇಕು. ಮನಸ್ಸಿಟ್ಟು ಕೇಸು ನಡೆಸಿಲ್ಲ ಎಂದು ಕಂಡರೆ, ಕಾರಣ ಬರೆದು ಅವರ ಹೆಸರನ್ನು ವಿಶೇಷ ಪಿಪಿಗಳ ಪಟ್ಟಿಯಿಂದ ತೆಗೆಯಬಹುದು. ಇನ್ನೂ ಮುಖ್ಯವಾದದ್ದು, ದೌರ್ಜನ್ಯಕ್ಕೆ ಒಳಗಾದವರು ಬಯಸಿದರೆ ಜಿಲ್ಲಾಧಿಕಾರಿ ಹೆಸರಾಂತ ಹಿರಿಯ ವಕೀಲರನ್ನು ಸರ್ಕಾರದ ಖರ್ಚಿನಲ್ಲೇ ಅವರಿಗಾಗಿ ನೇಮಿಸಬಹುದು. ಈ ಅವಕಾಶ ಇದೆ ಅಂತ ಆ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ನನ್ನ ಹತ್ತಿರ ಬರುವ ದೂರುದಾರರಲ್ಲಿ ಇದು ಗೊತ್ತಿರುವವರು ಅಪರೂಪ.

2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ 15ಎ ಕಲಂ ಸೇರಿಸಿತು. ಜಾಮೀನು, ಬಿಡುಗಡೆ, ಶಿಕ್ಷೆ, ಯಾವ ಹಂತದಲ್ಲೂ ದೂರುದಾರರ ಮಾತು ಕೇಳಬೇಕು, ವಿಚಾರಣೆಯ ದಿನವನ್ನು ಅವರಿಗೆ ಮೊದಲೇ ತಿಳಿಸಬೇಕು ಎನ್ನುತ್ತದೆ ಅದು. ಹಾಗೆ ತಿಳಿಸುವ ಹೊಣೆಯೂ ವಿಶೇಷ ಪಿಪಿ ಮೇಲೆ, ಸರ್ಕಾರದ ಮೇಲೆ ಇದೆ. ಇದನ್ನು ಕಾಟಾಚಾರಕ್ಕೆ ಮಾಡುವಂತಿಲ್ಲ, ಇದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಜಾಮೀನಿನ ವಿಷಯದಲ್ಲೇ ದೂರುದಾರರನ್ನು ಕೇಳಬೇಕು ಎನ್ನುವ ಕಾನೂನಿರುವಾಗ, ಇಡೀ ಕೇಸು ನಡೆಸುವವರು ಯಾರು ಎನ್ನುವಾಗ ಅವರನ್ನು ಒಂದು ಮಾತೂ ಕೇಳದಿರುವುದು ಯಾವ ನ್ಯಾಯ?

ನೇಮಕ ಮಾಡುವುದು ಸರ್ಕಾರದ ಅಧಿಕಾರ, ಇದರಲ್ಲಿ ಹೊರಗಿನವರ ಮಾತು ಯಾಕೆ ಎಂದು ನಿಮ್ಮ ಸುತ್ತ ಇರುವವರು ಹೇಳಬಹುದು. 2011ರಲ್ಲಿ ಕೇಂದ್ರ ಜಾಗೃತ ಆಯುಕ್ತರ ನೇಮಕವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ನಿಮಗೆ ನೆನಪಿರಬಹುದು. ವ್ಯಕ್ತಿ ಒಳ್ಳೆಯವರೋ ಅಲ್ಲವೋ ಎಂದಷ್ಟೇ ನೋಡಿದರೆ ಸಾಲದು, ಅವರು ಕೂತರೆ ಆ ಸಂಸ್ಥೆಯ ಮೇಲೆ ಜನರ ನಂಬಿಕೆ ಉಳಿಯುತ್ತದೆಯೇ ಎಂದು ನೋಡಬೇಕು ಅನ್ನುವುದು ಆ ತೀರ್ಪಿನ ತಿರುಳು. 2016ರಲ್ಲಿ ಪಂಜಾಬ್ ಮತ್ತು ಹರಿಯಾಣದ ಸರ್ಕಾರಿ ವಕೀಲರ ನೇಮಕದ ಕೇಸಿನಲ್ಲೂ, ಮನಸ್ಸಿಗೆ ಬಂದವರನ್ನು ಕೂರಿಸುವಂತಿಲ್ಲ, ಪಾರದರ್ಶಕ ಪದ್ಧತಿ ಇರಬೇಕು ಎಂದು ಅದೇ ಕೋರ್ಟ್ ಹೇಳಿತು.

ಕೋರ್ಟಿನ ಮಾತು ಹಾಗಿರಲಿ. ನಿಮ್ಮ ಪಕ್ಷವೇ ದೆಹಲಿಯಲ್ಲಿ ಏನು ಹೇಳುತ್ತಿದೆ ನೋಡಿ. 2021ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಅಧ್ಯಕ್ಷರನ್ನು ಆರಿಸುವಾಗ, ದಲಿತ, ಆದಿವಾಸಿ, ಅಲ್ಪಸಂಖ್ಯಾತ ಸಮುದಾಯದವರನ್ನು ಪರಿಗಣಿಸಿ ಎಂದು ಕೇಳಿ, ಆಯ್ಕೆ ಸಮಿತಿ ಅದಕ್ಕೆ ಒಪ್ಪದಿದ್ದಾಗ ಭಿನ್ನಮತ ದಾಖಲಿಸಿದವರು ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು. 2024ರ ಡಿಸೆಂಬರಿನಲ್ಲಿ ಅದೇ ಹುದ್ದೆಗೆ ಮತ್ತೆ ನೇಮಕ ನಡೆದಾಗ, ಖರ್ಗೆಯವರು ಮತ್ತು ರಾಹುಲ್ ಗಾಂಧಿಯವರು ಇಬ್ಬರೂ ಸಮಾಲೋಚನೆಯನ್ನೇ ಕಡೆಗಣಿಸಲಾಗಿದೆ, ಎಲ್ಲ ಮೊದಲೇ ತೀರ್ಮಾನವಾಗಿತ್ತು ಎಂದು ಬರೆದು ಕೊಟ್ಟರು. ಅವರು ಎತ್ತಿದ ಪ್ರಶ್ನೆ ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ. ಅದೇ ಪ್ರಶ್ನೆಯನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಈ ಹೆಸರು ಶಿಫಾರಸು ಮಾಡುವ ಮೊದಲು ಯಾರ ಜೊತೆ ಸಮಾಲೋಚನೆ ಆಗಿದೆ?

ದೌರ್ಜನ್ಯದ ಕೇಸುಗಳಿಗಾಗಿಯೇ ರಾಜ್ಯದಲ್ಲಿ 33 ವಿಶೇಷ ಪೊಲೀಸ್ ಠಾಣೆಗಳನ್ನು ಮಾಡಿದ್ದೀರಿ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಠಾಣೆಯಿಂದ ಹೊರಟ ಚಾರ್ಜ್‌ಶೀಟು ಕೊನೆಗೆ ಹೋಗಿ ಸೇರುವುದು ಪಿಪಿಯ ಮೇಜಿಗೇ ಅಲ್ವಾ?

ಈ ಪತ್ರವನ್ನು ನಿಮಗೇ ಬರೆಯಲು ಕಾರಣವಿದೆ. ದೌರ್ಜನ್ಯ ತಡೆಯ ರಾಜ್ಯ ಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ 16ನೇ ನಿಯಮದ ಪ್ರಕಾರ ನೀವೇ ಅಧ್ಯಕ್ಷರು. ಆ ಸಮಿತಿಯೂ ಜನವರಿ, ಜುಲೈನಲ್ಲಿ ಸೇರಬೇಕು.

ಅಧಿಸೂಚನೆ ಸದ್ಯಕ್ಕೆ ಬೇಡ. ಆ ನ್ಯಾಯಾಲಯದಲ್ಲಿ ಕೇಸು ನಡೆಯುತ್ತಿರುವ ದೂರುದಾರರನ್ನು ಜಿಲ್ಲಾಧಿಕಾರಿ ಕರೆದು, ಅವರ ಮಾತು ಕೇಳಿ, ಅವರು ಹೇಳಿದ್ದನ್ನು ಬರವಣಿಗೆಯಲ್ಲಿ ದಾಖಲಿಸಲಿ. ಕೇರಿಯಿಂದ ಜಿಲ್ಲಾ ಕೇಂದ್ರಕ್ಕೆ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಹಾಗಾಗಿ ತಾಲ್ಲೂಕಿನಲ್ಲೇ ಕರೆದರೆ ಒಳ್ಳೆಯದು. ಪಟ್ಟಿಯಲ್ಲಿರುವ ಪ್ರತಿಯೊಬ್ಬ ವಕೀಲರೂ ಈವರೆಗೆ ಅಟ್ರಾಸಿಟಿ ಕೇಸುಗಳಲ್ಲಿ ಯಾರ ಯಾರ ಪರ ನಿಂತಿದ್ದಾರೆ ಎಂದು ಲಿಖಿತವಾಗಿ ತಿಳಿಸಲಿ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ? ವಕಾಲತ್ತು ಕೋರ್ಟಿನ ದಾಖಲೆಯಲ್ಲೇ ಇರುತ್ತದೆ. ಇಷ್ಟಾದ ಮೇಲೂ ಇವರೇ ಸರಿ ಅನ್ನಿಸಿದರೆ, ಯಾಕೆ ಅನ್ನುವ ಕಾರಣವನ್ನು ಬರೆದು ಹೊರಗಿಡಿ. ಇದು ಒಂದು ಜಿಲ್ಲೆಗೆ ಮಾತ್ರ ಬೇಡ. ಜನವರಿ, ಜುಲೈನ ಪರಿಶೀಲನಾ ವರದಿಗಳನ್ನು ಎಲ್ಲ ಜಿಲ್ಲೆಗಳಿಂದಲೂ ತರಿಸಿ, ದೂರುದಾರರ ಹೆಸರು ತೆಗೆದು, ಕನ್ನಡದಲ್ಲಿ ಪ್ರಕಟಿಸಿ. ಸರ್ಕಾರದ ಖರ್ಚಿನಲ್ಲಿ ಹಿರಿಯ ವಕೀಲರು ಬೇಕು ಎಂದು ಕೇಳುವ ಅವಕಾಶ ನಿಮಗಿದೆ ಎನ್ನುವ ಒಂದು ಸಾಲನ್ನು ಎಫ್‌ಐಆರ್ ಪ್ರತಿಯ ಜೊತೆಗೇ ದೂರುದಾರರ ಕೈಗೆ ಕೊಡುವಂತೆ ಆ 33 ಠಾಣೆಗಳಿಗೆ ಆದೇಶ ಮಾಡಿ.

ದೂರುದಾರರು ಸಹಿ ಮತ್ತು ಹೆಬ್ಬೆಟ್ಟು ಹಾಕಿದ ಮನವಿಯೊಂದನ್ನು ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದಿದ್ದಾರೆ. ಆ ಅಕ್ಕನ ಸಾಕ್ಷಿ ಮುಂದಿನ ವಾಯಿದೆಯಲ್ಲಿ ಇದೆ. ಅಷ್ಟರೊಳಗೆ ಆ ಮನವಿಗೆ ಒಂದು ಉತ್ತರ ಕಳಿಸಿ. ಒಪ್ಪಿದ್ದೇವೆ ಅಂತಲೋ, ಒಪ್ಪಿಲ್ಲ ಅಂತಲೋ, ನಿಮ್ಮ ಸಹಿಯಿರುವ ಕಾಗದ ಅವರ ಕೈಗೆ ಬರಲಿ.

ಇಂತಿ,
ಬೆಂಗಳೂರಿನ ಒಬ್ಬ ವಕೀಲೆ