ಕೋಚಿಂಗ್ ಶುಲ್ಕಕ್ಕಿಂತ ಮೊದಲು ಒಂದು ಹಳೆಯ ಪ್ರಶ್ನೆಪತ್ರಿಕೆ

ಸಂಪಾದಕರೇ,

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ಮಕ್ಕಳು ದಾವಣಗೆರೆಯಲ್ಲಿ ರೂಮು ಹಿಡಿದು ಕೋಚಿಂಗ್ ಸೇರುತ್ತಾರೆ. ಯಾವ ಹುದ್ದೆಗೆ ಅಂದರೆ, ‘ಕೆಎಎಸ್, ಪಿಎಸ್‌ಐ, ಎಫ್‌ಡಿಎ ಯಾವುದಾದರೂ ಸರಿ’ ಎಂಬ ಉತ್ತರ. ಅಂದರೆ ರಾಜ್ಯ ಆಡಳಿತ ಸೇವೆ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ. ಪಿಎಸ್‌ಐಗೆ ಓಟ, ಎತ್ತರ ಬೇಕು. ಎಫ್‌ಡಿಎಗೆ ಭಾಷೆಯ ಹಿಡಿತ ಬೇಕು. ಕೆಎಎಸ್ ಮುಖ್ಯ ಪರೀಕ್ಷೆಗೆ ಪುಟಗಟ್ಟಲೆ ಬರೆಯುವ ಅಭ್ಯಾಸ ಬೇಕು. ಮೂರಕ್ಕೂ ಒಂದೇ ಬ್ಯಾಚಿನಲ್ಲಿ ತಯಾರಾಗಲು ಹೊರಟವರಿಗೆ ಒಂದೂ ಕೈಗೆ ಹತ್ತುವುದಿಲ್ಲ.

ಹಣ ಕಟ್ಟುವ ಮುಂಚೆ ಕರ್ನಾಟಕ ಲೋಕಸೇವಾ ಆಯೋಗದ, ಅಂದರೆ ಕೆಪಿಎಸ್‌ಸಿಯ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಲಿ. ಕೆಎಎಸ್ ಪ್ರಿಲಿಮ್ಸ್, ಅಂದರೆ ಪೂರ್ವಭಾವಿ ಪರೀಕ್ಷೆಯ ಪತ್ರಿಕೆಯಾದರೆ 2 ಗಂಟೆ, 100 ಪ್ರಶ್ನೆ, 200 ಅಂಕ. ತಪ್ಪುಗಳನ್ನು ಮೂರು ಗುಂಪು ಮಾಡಲಿ: ವಿಷಯವೇ ಗೊತ್ತಿರಲಿಲ್ಲ, ಗೊತ್ತಿದ್ದೂ ಪ್ರಶ್ನೆ ಓದುವಾಗ ಎಡವಿದೆ, ಸಮಯ ಸಾಲಲಿಲ್ಲ. ಮೊದಲನೆಯದೇ ಹೆಚ್ಚಾಗಿದ್ದರೆ 6ರಿಂದ 10ನೇ ತರಗತಿಯ ಸಮಾಜ, ವಿಜ್ಞಾನ ಪಠ್ಯಪುಸ್ತಕ ಸಾಕು, ಅವು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದನ್ನೇ ಬೋರ್ಡಿನ ಮೇಲೆ ಬರೆಸಿಕೊಳ್ಳಲು ಸಾವಿರಾರು ರೂಪಾಯಿ ಯಾಕೆ? ಎರಡನೆಯದಕ್ಕೆ ವಾರಕ್ಕೊಂದು ಪತ್ರಿಕೆ ಬರೆದು, ತಪ್ಪಿದ ಪ್ರಶ್ನೆಯ ಪಕ್ಕ ಕಾರಣ ಗುರುತಿಸಬೇಕು. ಮೂರನೆಯದು, ಅದರಲ್ಲೂ ಪ್ರಿಲಿಮ್ಸಿನ ಎರಡನೇ ಪತ್ರಿಕೆಯ ಮಾನಸಿಕ ಸಾಮರ್ಥ್ಯದ 30 ಪ್ರಶ್ನೆ, ಮತ್ತು ಪ್ರಬಂಧ ತಿದ್ದಿಸಿಕೊಳ್ಳುವುದು, ಇಲ್ಲಿ ಒಳ್ಳೆಯ ಮೇಷ್ಟ್ರು ನಿಜಕ್ಕೂ ನೆರವಾಗುತ್ತಾರೆ.

ನೆಗೆಟಿವ್ ಅಂಕದ ಲೆಕ್ಕವನ್ನೂ ಕಲಿಯಬೇಕು. ಪ್ರಿಲಿಮ್ಸಿನಲ್ಲಿ ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ ಕಾಲು ಭಾಗ, ಅಂದರೆ ಅರ್ಧ ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ಅಲ್ಲವೆಂದು ತಿಳಿದರೆ ಸರಾಸರಿ ಮುಕ್ಕಾಲು ಅಂಕ ಲಾಭ, ಬರೆಯುವುದೇ ಸರಿ. ಏನೂ ತಿಳಿಯದೆ ಕುರುಡಾಗಿ ಉತ್ತರದ ವೃತ್ತ ಬಳಿದರೆ ಸರಾಸರಿ ಸಿಗುವುದು ಒಂದು ಅಂಕದ ಎಂಟನೇ ಒಂದು ಪಾಲು ಮಾತ್ರ.

ಸೇರಲೇಬೇಕೆಂದರೆ ಎರಡು ಡೆಮೊ ತರಗತಿ ಕೂತು, ಬ್ಯಾಚಿನಲ್ಲಿ ಎಷ್ಟು ಜನ, ಉತ್ತರಪತ್ರಿಕೆ ತಿದ್ದುವವರು ಯಾರು ಎಂದು ಕೇಳಿ. ಪೂರ್ತಿ ಶುಲ್ಕ ಒಮ್ಮೆಗೇ ಕೊಡಬೇಡಿ, ಕೊಟ್ಟಷ್ಟಕ್ಕೂ ರಸೀದಿ ಪಡೆಯಿರಿ. ಮಧ್ಯೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು 10 ದಿನದೊಳಗೆ ಹಿಂತಿರುಗಿಸಬೇಕೆಂದು ಕೇಂದ್ರದ 2024ರ ಮಾರ್ಗಸೂಚಿ ಹೇಳುತ್ತದೆ. ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ಉಚಿತ ತರಬೇತಿಗೂ ಅರ್ಜಿ ಹಾಕಿ.

ಪರೀಕ್ಷೆಯ ಓದೇ ಒಗ್ಗದವರೂ ಇದ್ದಾರೆ, ಅದರಲ್ಲಿ ಕೀಳರಿಮೆ ಬೇಡ. ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಕಲಿಸುತ್ತಾರೆ.

ದಾವಣಗೆರೆ, ಚಿತ್ರದುರ್ಗದ ಪದವಿ ಕಾಲೇಜುಗಳು ಅಂತಿಮ ವರ್ಷದವರಿಗೆ ಇಂಥದ್ದೊಂದು ಪರೀಕ್ಷೆಯನ್ನು ವೃತ್ತ ತುಂಬುವ ಒಎಂಆರ್ ಉತ್ತರ ಹಾಳೆಯಲ್ಲೇ ಬರೆಸಿ, ಮಾರನೆಯ ದಿನ ತಪ್ಪುಗಳನ್ನು ಬಿಡಿಸಿ ಹೇಳಬೇಕು. ಇದಕ್ಕೆ ಜೆರಾಕ್ಸ್ ಖರ್ಚು, ಇಬ್ಬರು ಅಧ್ಯಾಪಕರ ಒಂದು ಶನಿವಾರ ಸಾಕು.

– ಓದುಗರು, ದಾವಣಗೆರೆ