ಯಾವ ಮಾದರಿಯ ಮಾತು?

ಮಾನ್ಯ ಸಂಪಾದಕರೇ,

ಆಳಸಮುದ್ರದ ಖನಿಜಗಳನ್ನು ರೋಬೊಗಳಿಂದ ಹುಡುಕಿಸುವ ಕುರಿತು ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಬರವಣಿಗೆ ಸೊಗಸಾಗಿದೆ. ಎರಡನೇ ಸಲ ಓದಬೇಕಾಗಿ ಬಂದದ್ದು ‘ಮಾದರಿ’ ಎಂಬ ಒಂದೇ ಪದದ ದೆಸೆಯಿಂದ. ಸಮುದ್ರತಳದಿಂದ ಎತ್ತಿ ತಂದ ಕೆಸರಿಗೂ, ಗಂಟುಗಳಿಗೂ (ತಳದಲ್ಲಿ ಹರಡಿರುವ, ಲೋಹ ತುಂಬಿದ ಕಲ್ಲಿನಂಥ ಉಂಡೆಗಳು) ಲೇಖನದಲ್ಲಿ ಮಾದರಿ; ಕಂಪ್ಯೂಟರಿನಲ್ಲಿ ಕಟ್ಟಿದ ಬಣ್ಣದ ನಕಾಶೆಗೂ ಮಾದರಿ. ‘ಮಾದರಿಗಳ ಪ್ರಕಾರ ಇಲ್ಲಿ ಗಂಟುಗಳು ದಟ್ಟವಾಗಿವೆ’ ಎಂದು ಓದಿದವರು, ಯಾರೋ ಅಲ್ಲಿಂದ ಬಾಚಿ ತಂದು ತೂಗಿ ನೋಡಿದ್ದಾರೆಂದೇ ತಿಳಿಯುತ್ತಾರೆ. ಆದರೆ ಆ ವಾಕ್ಯದಲ್ಲಿರುವುದು ಎರಡನೇ ಮಾದರಿ. ಹಾಗಾಗಿ ಈ ಪತ್ರದ ಮಟ್ಟಿಗೆ ಮೊದಲನೆಯದನ್ನು ಸ್ಯಾಂಪಲ್, ಎರಡನೆಯದನ್ನು ಮಾಡೆಲ್ ಎಂದೇ ಬರೆಯುತ್ತೇನೆ. ಭಾಷಾಭಿಮಾನಿಗಳು ಬೈದರೆ ಬೈಯಲಿ.

ನಾನು ನೆಲದ ಮೇಲಿನ ಅದಿರಿನ ಲೆಕ್ಕ ಹಾಕುತ್ತ ಸರ್ವೀಸು ಮುಗಿಸಿದವನು. ಬೋರ್ ಕೊರೆದು ತೆಗೆದ ಕೋರ್‌ಗಳನ್ನು, ಎಂದರೆ ನೆಲದೊಳಗಿನ ಉದ್ದನೆಯ ಕಲ್ಲಿನ ತುಂಡುಗಳನ್ನು, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಒಂದು ಬೋರಿಗೂ ಇನ್ನೊಂದಕ್ಕೂ ನಡುವೆ ಏನಿರಬಹುದೆಂದು ಅಂದಾಜು ಕಟ್ಟುವುದು ಕೆಲಸ. ಅದಕ್ಕೆ ಬಳಸುವ ಲೆಕ್ಕಕ್ಕೆ ಕ್ರಿಗಿಂಗ್ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗ ಅವರಿಂದ ಬಂದ ಹೆಸರು. ಹತ್ತಿರದ ಸ್ಯಾಂಪಲ್ಲಿನ ಮಾತಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ, ಇಷ್ಟೇ ಅದರ ತಿರುಳು. ಒಮ್ಮೆ ಎರಡು ಒಳ್ಳೆಯ ಬೋರ್‌ಗಳ ನಡುವಿನ ಜಾಗಕ್ಕೆ ಕಂಪ್ಯೂಟರು ಗಾಢ ಕೆಂಪು, ಎಂದರೆ ಹೇರಳ ಅದಿರಿನ ಬಣ್ಣ, ತುಂಬಿಕೊಟ್ಟಿತು. ಎಲ್ಲರಿಗೂ ಹುರುಪು. ನಟ್ಟನಡುವೆ ಮೂರನೆಯದು ಕೊರೆಸಿದೆವು. ಪೆಟ್ಟಿಗೆಗೆ ಬಂದು ಬಿದ್ದದ್ದು ಬರೀ ಜೇಡಿ. ನಮ್ಮ ಹಿರಿಯರೊಬ್ಬರು ಆ ಜೇಡಿಯನ್ನು ಬೆರಳಲ್ಲಿ ಹೊಸಕುತ್ತ, “ಕೆಂಪು ಬಣ್ಣ ಕಂಪ್ಯೂಟರಿಗೆ ಗೊತ್ತು, ನೆಲಕ್ಕೆ ಗೊತ್ತಿಲ್ಲ ಮಾರಾಯಾ” ಎಂದರು.

ನೆಲದ ಮೇಲಾದರೆ ಮೂರನೇ ಬೋರ್ ಮರುದಿನವೇ ಹೊಡೆಸಬಹುದು. ಗಂಟುಗಳಿರುವುದು 4,000ದಿಂದ 6,000 ಮೀಟರ್ ನೀರಿನ ಅಡಿಯಲ್ಲಿ. ಅಲ್ಲಿಗೆ ಬೆಳಕು ತಲುಪದು, ಜಿಪಿಎಸ್ ನಡೆಯದು. ಸುದ್ದಿ ಕಳಿಸಲು ಶಬ್ದವೊಂದೇ ದಾರಿ. ಅದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 4,500 ಮೀಟರ್ ಕೆಳಗಿರುವ ರೋಬೊಗೆ ‘ಎಲ್ಲಿದ್ದೀಯ?’ ಎಂದು ಕೇಳಿದರೆ ಪ್ರಶ್ನೆ ಹೋಗಲು ಮೂರು ಸೆಕೆಂಡು, ಉತ್ತರ ಬರಲು ಮೂರು ಸೆಕೆಂಡು. ಶಬ್ದ ಕಳಿಸಿ ಮಾರ್ದನಿ ಆಲಿಸುವ ಹಡಗಿನ ಸೋನಾರ್‌ನ ಕಿರಣ ಒಂದು ಡಿಗ್ರಿಯಷ್ಟು ಸಪೂರವಾಗಿದ್ದರೂ 5,000 ಮೀಟರ್ ಇಳಿಯುವಷ್ಟರಲ್ಲಿ ಎಂಬತ್ತು-ತೊಂಬತ್ತು ಮೀಟರ್ ಅಗಲಕ್ಕೆ ಹರಡಿಕೊಂಡಿರುತ್ತದೆ. ಆಲೂಗಡ್ಡೆ ಗಾತ್ರದ ಗಂಟು ಅದಕ್ಕೆ ಕಾಣುವುದಿಲ್ಲ. ಗಂಟು ಹಾಸಿದ ತಳದಿಂದ ಮಾರ್ದನಿ ಜೋರಾಗಿ, ಬರೀ ಕೆಸರಿನಿಂದ ಮೆಲ್ಲಗೆ ಬರುತ್ತದೆ. ಮೇಲಿನಿಂದ ತಿಳಿಯುವುದು ಇಷ್ಟು.

ಅದಕ್ಕೇ ರೋಬೊ ಬೇಕು. ತಳದಿಂದ ಐದು-ಹತ್ತು ಮೀಟರ್ ಎತ್ತರದಲ್ಲಿ ತಾನೇ ದೀಪ ಬೆಳಗಿಸಿಕೊಂಡು, ಹೊಲ ಉಳುವವರಂತೆ ಸಾಲು ಹಿಡಿದು ಹೋಗುತ್ತ ಫೋಟೊ ತೆಗೆಯುತ್ತದೆ. ಆದರೂ ಫೋಟೊದಲ್ಲಿ ಕಾಣುವುದು ಮೇಲೆ ತಲೆ ಹಾಕಿದ ಗಂಟು ಮಾತ್ರ; ಕೆಸರಿನಲ್ಲಿ ಹೂತದ್ದು ಲೆಕ್ಕಕ್ಕೆ ಸಿಗದು. ಅದಕ್ಕೆ ಬಾಕ್ಸ್ ಕೋರರ್ ಎಂಬ ಉಕ್ಕಿನ ಪೆಟ್ಟಿಗೆಯನ್ನು ಕಿಲೋಮೀಟರ್‌ಗಟ್ಟಲೆ ತಂತಿ ಬಿಟ್ಟು ಇಳಿಸುತ್ತಾರೆ. ಉದ್ದಗಲ ಅರ್ಧರ್ಧ ಮೀಟರು, ಎಂದರೆ ಕಾಲು ಚದರ ಮೀಟರ್ ತಳ. ಒಂದು ಸಲ ಇಳಿದು ಏರಲು ಗಂಟೆಗಳೇ ಹಿಡಿಯುತ್ತವೆ. ಮೇಲೆ ಬಂದ ಕಂದು ಕೆಸರಿನಿಂದ ಕಪ್ಪು ಗಂಟುಗಳನ್ನು ಆರಿಸಿ, ತೊಳೆದು, ತೂಗುತ್ತಾರೆ. ಇದು ಸ್ಯಾಂಪಲ್. ಪೆಟ್ಟಿಗೆಯ ತೂಕಕ್ಕೂ ಫೋಟೊದ ಎಣಿಕೆಗೂ, ಫೋಟೊಗೂ ಸೋನಾರಿನ ಮಾರ್ದನಿಗೂ ನಂಟು ಹೊಂದಿಸಿ, ಆ ನಂಟನ್ನು ಯಾರೂ ಕಂಡಿರದ ಸಾವಿರಾರು ಚದರ ಕಿಲೋಮೀಟರಿಗೆ ಹಿಗ್ಗಿಸಿದರೆ ಅದು ಮಾಡೆಲ್.

ಎಷ್ಟು ಹಿಗ್ಗಿಸುತ್ತೇವೆ ಎಂಬುದಕ್ಕೆ ಒಂದು ಲೆಕ್ಕ. ಮಧ್ಯ ಹಿಂದೂ ಮಹಾಸಾಗರದಲ್ಲಿ ಗಂಟುಗಳ ಅನ್ವೇಷಣೆಗೆ ಭಾರತಕ್ಕಿರುವ ಪ್ರದೇಶ 75,000 ಚದರ ಕಿ.ಮೀ. 2022ರ ಡಿಸೆಂಬರಿನಲ್ಲಿ ಸಾಗರನಿಧಿ ಹಡಗಿನಿಂದ 5,271 ಮೀಟರ್ ಆಳಕ್ಕಿಳಿದ ಓಎಂಇ-6000 ರೋಬೊ ಸಮೀಕ್ಷೆ ಮಾಡಿದ್ದು 14 ಚದರ ಕಿ.ಮೀ. ಐದು ಸಾವಿರದಲ್ಲಿ ಒಂದು ಪಾಲೂ ಆಗದು. ಹಡಗಿನಿಂದ ಸ್ಯಾಂಪಲ್ ಎತ್ತುವ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ ನಿಜ. ರೋಬೊದ ಕೆಲಸವನ್ನೂ ಹಗುರವಾಗಿ ಕಾಣುತ್ತಿಲ್ಲ. ಅಷ್ಟು ಆಳದಲ್ಲಿ 14 ಚದರ ಕಿ.ಮೀ. ಸಣ್ಣ ಮಾತಲ್ಲ. ಜಗತ್ತಿನ ಆಳಸಮುದ್ರ ತಳದಲ್ಲಿ ಮನುಷ್ಯ ಕಣ್ಣಾರೆ ಅಥವಾ ಕ್ಯಾಮೆರಾದಲ್ಲಿ ಕಂಡಿರುವುದು ಶೇ 0.001ಕ್ಕಿಂತಲೂ ಕಡಿಮೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ.

ಲೇಖನದಲ್ಲಿ ‘ರೋಬೊಗಳಿಂದ ಕೆಲಸ ಸುಲಭವಾಗಿದೆ’ ಎಂಬ ಮಾತಿದೆ. ನೆರಿಯಸ್ ಎಂಬ ಆಳಸಮುದ್ರದ ರೋಬೊ 2014ರ ಮೇ ತಿಂಗಳಲ್ಲಿ ಪೆಸಿಫಿಕ್‌ನ ಕರ್ಮಾಡೆಕ್ ಕಂದಕದ 9,900 ಮೀಟರ್ ಆಳದಲ್ಲಿ ಒತ್ತಡಕ್ಕೆ ಒಡೆದು ಚೂರಾಯಿತು. ಅದಕ್ಕೂ ಮೊದಲು, 2010ರಲ್ಲಿ, ಎಬಿಇ ಎಂಬ ಹಳೆಯ ರೋಬೊ ಚಿಲಿ ತೀರದಾಚೆ ತನ್ನ 222ನೇ ಮುಳುಗಿನಲ್ಲಿ ಹೋದದ್ದು ಮರಳಲೇ ಇಲ್ಲ. ಸುಲಭ ಎನ್ನುವ ಪದ ಇಲ್ಲಿ ಒಗ್ಗುವುದಿಲ್ಲ.

ಮಾಡೆಲ್ ಬೇಡವೆಂದು ನನ್ನ ವಾದವಲ್ಲ. ಅದರಲ್ಲೇ ಅನ್ನ ತಿಂದವನು ನಾನು. ಕೆಳಗಿಳಿದು ಅಳೆದು ನೋಡಿದರೆ ಮಾಡೆಲ್ ಗಟ್ಟಿಯಾಗುತ್ತದೆ. 2021ರಲ್ಲಿ ಗಂಟು ಬಾಚುವ ಪಟಾನಿಯಾ-2 ಎಂಬ 25 ಟನ್ ಯಂತ್ರವನ್ನು ಪೆಸಿಫಿಕ್‌ನಲ್ಲಿ ಇಳಿಸಿದಾಗ (ನಡುವೆ ಕೇಬಲ್ ಕಳಚಿ ಅದು ಕೆಲ ದಿನ ತಳದಲ್ಲೇ ಕೂತಿತ್ತು, ಮತ್ತೆ ಎತ್ತಿದರು) ಅದೆಬ್ಬಿಸಿದ ಕೆಸರಿನ ಬಹುಪಾಲು ತಳದಿಂದ ಎರಡು ಮೀಟರಿಗಿಂತ ಮೇಲೇರಲಿಲ್ಲವೆಂದು ಅಳತೆಯಿಂದ ತಿಳಿಯಿತು. ಕೆಸರು ಎಲ್ಲಿಗೆ ಹೋದೀತೆಂದು ಊಹಿಸುವವರಿಗೆ ಇಂಥ ಒಂದು ಅಳತೆ ಹತ್ತು ಅನಿಮೇಷನ್‌ಗಳಿಗೆ ಸಮ.

ಇನ್ನೊಂದು ಕಡೆ ಕ್ಯಾಮೆರಾ ಬೇರೆಯೇ ಕತೆ ಹೇಳಿತು. 1989ರಲ್ಲಿ ವಿಜ್ಞಾನಿಗಳು ಪೆರುವಿನಾಚೆಯ ಸಮುದ್ರತಳವನ್ನು ಪ್ರಯೋಗಕ್ಕೆಂದು ನೇಗಿಲಿನಂಥ ಸಲಕರಣೆಯಿಂದ ಉತ್ತು ಬಂದಿದ್ದರು. 26 ವರ್ಷ ಕಳೆದು 2015ರಲ್ಲಿ ರೋಬೊ ಇಳಿಸಿ ನೋಡಿದರೆ ಸಾಲುಗಳು ಹಾಗೆಯೇ ಇದ್ದವು. ಗಂಟು ಬೆಳೆಯುವುದೇ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಅದೇ ಪೆರು ಕೊಳ್ಳದ ಚಿತ್ರಗಳಲ್ಲಿ ಆಕ್ಟೋಪಸ್ ಒಂದು ಸತ್ತ ಸ್ಪಂಜಿನ ಕಾಂಡಕ್ಕೆ ಮೊಟ್ಟೆ ಅಂಟಿಸಿ, ಅದನ್ನು ತಬ್ಬಿ ಕೂತಿದೆ. ಆ ಸ್ಪಂಜು ಬೇರೂರಿದ್ದು ಗಂಟಿನ ಮೇಲೆ.

ಅಂಥದೊಂದು ಫೋಟೊದಲ್ಲಿ ಗಂಟು ಎಣಿಸುವವರಿಗೆ ಗಂಟು ಸಿಗುತ್ತದೆ, ಜೀವ ಎಣಿಸುವವರಿಗೆ ಜೀವ. ಕಾಗದದ ಮೇಲೆ ಮಾತ್ರ ಅವು ಬೇರೆ ಬೇರೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಡೀಪ್‌ಡೇಟಾ ಸಂಗ್ರಹದಲ್ಲಿ ಪರಿಸರದ ದತ್ತಾಂಶ ಎಲ್ಲರಿಗೂ ತೆರೆದಿದೆ. ಖನಿಜದ ದತ್ತಾಂಶ ಗೋಪ್ಯ. ಹಣ ಹಾಕಿದವರಿಗೆ ಗುಟ್ಟು ಬೇಕಾಗುತ್ತದೆ, ಒಪ್ಪೋಣ. ಆದರೆ ಪೆಟ್ಟಿಗೆಯ ತೂಕಗಳೇ ಸಿಗದಿದ್ದರೆ ಹೊರಗಿನವನೊಬ್ಬ ಮಾಡೆಲನ್ನು ಪರೀಕ್ಷಿಸುವುದು ಹೇಗೆ? ದೇಶಗಳ ಗಡಿಯಾಚೆಯ ಆ ತಳವನ್ನು 1982ರ ಸಮುದ್ರ ಕಾನೂನು ಒಪ್ಪಂದವೇ ಇಡೀ ಮನುಕುಲದ ಆಸ್ತಿ ಎಂದಿದೆ. ಆಸ್ತಿ ಎಲ್ಲರದು, ಪಹಣಿ ಮಾತ್ರ ಯಾರದೋ ಕಪಾಟಿನಲ್ಲಿ! ಕಾಣದ ಜಾಗದ ಬಗ್ಗೆ ಹೇಳಿದ್ದನ್ನೆಲ್ಲ ಜನ ನಂಬುತ್ತಾರೆ. 1974ರಲ್ಲಿ ಗಂಟು ತೆಗೆಯಲು ಹೊರಟಿದೆಯೆಂದು ಜಗತ್ತೇ ನಂಬಿದ್ದ ಗ್ಲೋಮರ್ ಎಕ್ಸ್‌ಪ್ಲೋರರ್ ಹಡಗು ನಿಜವಾಗಿ ಹೋಗಿದ್ದು ಮುಳುಗಿದ ಸೋವಿಯತ್ ಜಲಾಂತರ್ಗಾಮಿಯೊಂದನ್ನು ಎತ್ತಲು.

ನನ್ನ ಬೇಡಿಕೆ ಸಣ್ಣದು. ಕ್ರಿಗಿಂಗ್ ಲೆಕ್ಕ ಅಂದಾಜಿನ ಜೊತೆಗೆ, ಆ ಅಂದಾಜು ಎಲ್ಲೆಲ್ಲಿ ಎಷ್ಟು ತಪ್ಪಬಹುದೆಂಬ ಎರಡನೇ ನಕಾಶೆಯನ್ನೂ ಕೊಡುತ್ತದೆ. ಸ್ಯಾಂಪಲ್ ತೆಗೆದ ಕಡೆ ತಪ್ಪು ಕಡಿಮೆ, ದೂರ ಹೋದಂತೆ ಹೆಚ್ಚು. ಅಚ್ಚಾಗುವುದು ಯಾವಾಗಲೂ ಮೊದಲನೆಯದು. ನಿಮ್ಮ ಲೇಖನದ ನಕಾಶೆಯ ಮೇಲೆ ಭೂತಗನ್ನಡಿ ಹಿಡಿದು, ಸ್ಯಾಂಪಲ್ ತೆಗೆದ ಜಾಗಗಳ ಚುಕ್ಕೆಗಳಿವೆಯೇ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಮುಂದಿನ ಸಲ ಚುಕ್ಕೆಗಳನ್ನು ಹಾಕಿಸಿ, ಜಾಗವಿದ್ದರೆ ಎರಡನೇ ನಕಾಶೆಯನ್ನೂ ಪಕ್ಕದಲ್ಲಿ ಅಚ್ಚು ಮಾಡಿ. ಚುಕ್ಕೆ ಹಾಕಿದರೆ ಪುಟದ ಅಂದ ಕೆಡುತ್ತದೆಂದು ವಿನ್ಯಾಸದವರು ಹೇಳಬಹುದು. ಕೆಡಲಿ ಬಿಡಿ.

ಇತಿ ತಮ್ಮ ಓದುಗ,
ಒಬ್ಬ ನಿವೃತ್ತ ಭೂವಿಜ್ಞಾನಿ