ಬಾವಿಯೊಳಗಿನ ನೀರಿನ ಲೆಕ್ಕ ನಮಗೂ ಗೊತ್ತಾಗಲಿ: ನಿವಾಸಿಗಳ ಮನವಿ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಸ್ಥಳೀಯ ಆಡಳಿತ

ವಿಷಯ: ಅಂತರ್ಜಲ ಮಟ್ಟ ಅಳೆಯುವ ಸೆನ್ಸರ್ ಹಾಕಿಸುವ ಬಗ್ಗೆ

ಮಾನ್ಯರೇ,

ಮಳೆ ಕಡಿಮೆ ಇರುವ ಕಡೆ ಕೆರೆ ಬತ್ತಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನೆಲದೊಳಗಿನ ನೀರು ಇಳಿಯುವುದು ಹಾಗಲ್ಲ, ಬೋರ್‌ವೆಲ್ ಕೈಕೊಟ್ಟ ದಿನವೇ ಅದು ಗೊತ್ತಾಗುವುದು, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಉಪಗ್ರಹದಿಂದಲೇ ಎಲ್ಲ ನೋಡಬಹುದಲ್ವಾ ಎಂದು ನೀವು ಕೇಳಬಹುದು. ಕೆರೆಯ ನೀರು ಎಷ್ಟು ದೂರ ಹರಡಿದೆ ಎಂದು ನೋಡಲು ಖಂಡಿತ ಆಗುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಒಂದೊಂದು ಚುಕ್ಕೆ ನೆಲದ 10 ಮೀಟರ್ ಅಗಲ ತೋರಿಸುವಷ್ಟು ವಿವರದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅಂತರ್ಜಲದ ಮಾತು ಬೇರೆ. 2002ರಲ್ಲಿ ಹಾರಿ 2017ರಲ್ಲಿ ಕೆಲಸ ನಿಲ್ಲಿಸಿದ ಗ್ರೇಸ್ ಉಪಗ್ರಹಗಳ ಜಾಗಕ್ಕೆ 2018ರಲ್ಲಿ ಬಂದ ಜೋಡಿ ಉಪಗ್ರಹಗಳು ಭೂಮಿಯ ಸೆಳೆತದಲ್ಲಾಗುವ ಸಣ್ಣ ವ್ಯತ್ಯಾಸ ಹಿಡಿದು ನೀರಿನ ಏರಿಳಿತ ಹೇಳುತ್ತವೆ, ನಿಜ, ಆದರೆ ಅವು ಹೇಳುವುದು ನೂರಾರು ಕಿಲೋಮೀಟರ್ ಅಗಲದ ಪ್ರದೇಶದ ಒಟ್ಟು ಲೆಕ್ಕ. ಒಂದು ಊರಿನ ಬಾವಿ ಅದರಲ್ಲಿ ಕಾಣುವುದೇ ಇಲ್ಲ.

ಹಾಗಾಗಿ ಬಾವಿಯೊಳಗೇ ಸೆನ್ಸರ್ ಇಳಿಸಿ. ನೀರಲ್ಲಿ ಮುಳುಗಿ ಒತ್ತಡ ಅಳೆಯುವ ಸಾಧನ ಸಾಕು. ಮೇಲೆ 1 ಮೀಟರ್ ನೀರು ನಿಂತರೆ ಸುಮಾರು 9.8 ಕಿಲೋಪ್ಯಾಸ್ಕಲ್ ಒತ್ತಡ ಬೀಳುತ್ತದೆ, ಅದರಿಂದ ಮಟ್ಟ ಸಿಗುತ್ತದೆ. ದಯವಿಟ್ಟು ಪಂಪ್ ಓಡುವ ಬಾವಿಗೆ ಇದನ್ನು ಹಾಕಬೇಡಿ. ಪಂಪ್ ಶುರುವಾದರೆ ಮಟ್ಟ ಕುಸಿಯುತ್ತದೆ, ನಿಂತರೆ ಏರುತ್ತದೆ, ಸುತ್ತಲಿನ ನಿಜವಾದ ಸ್ಥಿತಿ ತಿಳಿಯುವುದಿಲ್ಲ. ನೀರೆತ್ತದ, ಪಂಪ್‌ಗಳಿಂದ ದೂರವಿರುವ, ಹೂಳು ತುಂಬದ ಬಾವಿಗಳನ್ನು ಇದಕ್ಕೆಂದೇ ಮೀಸಲಿಡಿ.

ಇನ್ನೊಂದು ಮಾತು, ನಮಗೆ ಇದೇ ಮುಖ್ಯ. ಸೆನ್ಸರ್ ಕೂರಿಸಿ ಸುಮ್ನೆ ಬಿಟ್ಟರೆ ಆಗುವುದಿಲ್ಲ. ಬ್ಯಾಟರಿ ಮುಗಿಯುತ್ತದೆ, ರೀಡಿಂಗ್ ನಿಧಾನಕ್ಕೆ ದಾರಿ ತಪ್ಪುತ್ತದೆ. ಆಗಾಗ ಟೇಪ್ ಇಳಿಸಿ ಕೈಯಿಂದ ಅಳೆದು ತಾಳೆ ನೋಡಲು ಒಬ್ಬರು ಬೇಕು, ಅವರ ಸಂಬಳವನ್ನು ಬಜೆಟ್‌ನಲ್ಲೇ ಸೇರಿಸಿ.

ಬಂದ ಅಂಕಿ ಕಚೇರಿಯ ಕಂಪ್ಯೂಟರಿನಲ್ಲಿ ಕೂರಬಾರದು, ಎಲ್ಲರೂ ನೋಡುವಂತೆ ಹಾಕಿ. ಮಟ್ಟ ಎಷ್ಟಕ್ಕೆ ಇಳಿದರೆ ಹೊಸ ಬೋರ್‌ವೆಲ್ ನಿಲ್ಲಿಸಬೇಕು, ಎಷ್ಟಕ್ಕೆ ಇಳಿದರೆ ಜಾಸ್ತಿ ನೀರೆತ್ತುವವರಿಗೆ ಮಿತಿ ಹಾಕಬೇಕು ಎನ್ನುವುದನ್ನು ನೀರಿರುವಾಗಲೇ ನಮ್ಮೆಲ್ಲರ ಜೊತೆ ಕೂತು ತೀರ್ಮಾನಿಸಿ. ಬೇಸಿಗೆಗೆ ಮುಂಚೆ ಆ ಸಭೆಯ ದಿನಾಂಕ ತಿಳಿಸಬೇಕಾಗಿ ಕೋರುತ್ತೇವೆ.

ಇಂತಿ,
ನಿವಾಸಿಗಳು